ಹಾಸುಗಲ್ಲಿನ ಮೇಲೆ ಮಲಗಿದ ಬೊದೇರ

ನನ್ನ ತಮ್ಮ ಬೊದೇರನನ್ನು ಕರಿಯ ಕಂಬಳಿಯಲ್ಲಿ ಸುತ್ತಿ, ಮೂರು ದಾರಿಗಳು ಕೂಡುವಲ್ಲಿರುವ ಹಾಸುಗಲ್ಲಿನ ಮೇಲೆ ನಾನೇ ನಿಂತು ಮಲಗಿಸಿದೆ. ಬಿಸಿಲು ಆಗಷ್ಟೇ ವಿಂದಿಯ ಬೆಟ್ಟದ ಹಿಮಕ್ಕೆ ತಾಗಿತ್ತು. ಎದುರಿನ ದಿಬ್ಬದ ಮೇಲೆ ರೋಮಿನವರ ಬುರುಜು. ಕಲ್ಲಿನ ಮೇಲೆ ಮಲಗಿದವನಿಗೆ ಆ ಬುರುಜಿನ ಬಾಗಿಲು, ಬಾಗಿಲ ಕಬ್ಬಿಣದ ಪಟ್ಟಿ, ಕಾವಲಿನವನ ಆಕಳಿಕೆ ಎಲ್ಲವೂ ಕಾಣುತ್ತಿತ್ತು.

ನಮ್ಮಲ್ಲಿ ಕಾಯಿಲೆಯವರನ್ನು ಮನೆಯೊಳಗೆ ಬಚ್ಚಿಡುವುದಿಲ್ಲ. ದಾರಿಗೆ ತಂದು ಮಲಗಿಸುತ್ತೇವೆ. ಹಾದುಹೋಗುವವರು ಯಾರೇ ಆಗಲಿ, ನಿಂತು, ಬಗ್ಗಿ, ಏನಾಗಿದೆ ಎಂದು ಕೇಳಬೇಕು. ಅದೇ ನೋವು ತಮಗೆ ಬಂದು ಹೋಗಿದ್ದರೆ ಯಾವುದರಿಂದ ಹೋಯಿತು ಎಂದು ಹೇಳಿ ಮುಂದೆ ನಡೆಯಬೇಕು. ಹೇಳದೆ ಹೋದವನ ಹಸು ಕಂದು ಹಾಕುತ್ತದೆ. ಆ ಕಲ್ಲಿನ ಕಾವಲು ನಮ್ಮ ಮನೆಯ ಹೆಣ್ಣಿನದು. ಅಮ್ಮನಿಂದ ನನಗೆ ಬಂತು, ನನ್ನಿಂದ ನನ್ನ ಮಗಳು ಅಂಬಾತೆಗೆ ಹೋಗಬೇಕು.

ಆದರೆ ಅಂಬಾತೆ ಆ ದಿನ ಬುರುಜಿನೊಳಗಿದ್ದಳು.

ರೋಮಿನವರು ನಮ್ಮ ಕಣಿವೆಯನ್ನು ಗೆದ್ದ ವರ್ಷ, ನಾವು ತಲೆ ಎತ್ತದಿರಲೆಂದು ಮನೆಗೊಬ್ಬ ಗಂಡುಮಗನನ್ನು ಒತ್ತೆಯಿಟ್ಟುಕೊಂಡಿದ್ದರು. ಗಂಡುಮಕ್ಕಳು ಹೇಗೂ ಬೇರೆ ಮನೆಗೆ ಮದುವೆಯಾಗಿ ಹೋಗುವವರು. ಅವರಿಗಾಗಿ ಅತ್ತೆವು, ಆದರೆ ಮನೆ ಮುರಿಯಲಿಲ್ಲ. ನಮ್ಮಲ್ಲಿ ಒಲೆ, ಹೊಲ, ಹಿಂಡು ಎಲ್ಲವೂ ಮಗಳದು ಎಂಬುದು ಅವರಿಗೆ ತಿಳಿಯಲು ಐದು ವರ್ಷ ಹಿಡಿಯಿತು. ತಿಳಿದ ಕೂಡಲೇ ಹುಡುಗರನ್ನು ಬಿಟ್ಟು, ಏಳು ಹಟ್ಟಿಗಳಿಂದ ಒಲೆಯ ಹಕ್ಕಿನ ಮೂವತ್ತೊಂದು ಹೆಣ್ಣುಮಕ್ಕಳನ್ನು ಎಳೆದುಕೊಂಡು ಹೋದರು. ಇನ್ನು ಆರು ದಿನಕ್ಕೆ ಅವರನ್ನು ಕಡಲದಂಡೆಗೆ ನಡೆಸಿ ಹಡಗು ಹತ್ತಿಸುತ್ತಾರೆ ಎಂದು ಸುದ್ದಿ. ಹಡಗು ಹತ್ತಿದ ಮೇಲೆ ಬೆಟ್ಟದ ಹೆಣ್ಣು ಬೆಟ್ಟಕ್ಕೆ ಮರಳಿದ್ದನ್ನು ಯಾರೂ ಕಂಡಿಲ್ಲ.

ಬೊದೇರ ಆ ಸುದ್ದಿ ಕೇಳಿದ ದಿನವೇ ಹೆಂಡತಿಯ ಹಟ್ಟಿಯಿಂದ ನಮ್ಮ ಮನೆಗೆ ನಡೆದುಬಂದ. ಗೆಲುವಿನ ಯುದ್ಧದಲ್ಲೂ ಸೋಲಿನ ಯುದ್ಧದಲ್ಲೂ ನಮ್ಮ ಹಟ್ಟಿಯ ಮುಂದೆ ನಿಂತವನು ಅವನೇ. ಏಳು ಹಟ್ಟಿಗಳೂ ಒಂದೇ ದಿನ ಏಳಬೇಕು, ಇಲ್ಲದಿದ್ದರೆ ಏಳಲೇಬಾರದು ಎಂಬುದು ಅವನ ಎಣಿಕೆ. ಅದಕ್ಕೊಂದು ಅಡ್ಡಿ ಇತ್ತು. ಮೂವರಿಗಿಂತ ಹೆಚ್ಚು ಜನ ಒಂದೆಡೆ ನಿಂತರೆ ಚಾಟಿ. ಒಂದು ಹಟ್ಟಿಯವನು ಇನ್ನೊಂದು ಹಟ್ಟಿಯ ಬಾಗಿಲು ತಟ್ಟಿದರೆ ಚಾಟಿ. ಇಡೀ ಕಣಿವೆಯಲ್ಲಿ ಜನ ನಿಂತು ಮಾತಾಡಲು ಅಪ್ಪಣೆಯಿದ್ದ ಜಾಗ ಒಂದೇ ಒಂದು. ರೋಮಿನವರು ನಮ್ಮ ಹಾಸುಗಲ್ಲನ್ನು ಕಂಡು ನಗುತ್ತಿದ್ದರು, ನಕ್ಕು ಸುಮ್ಮನಿದ್ದರು.

ನಾನು ಒಪ್ಪಲಿಲ್ಲ. ಕಾಯಿಲೆಯಿಲ್ಲದೆ ಆ ಕಲ್ಲಿನ ಮೇಲೆ ಮೈಚಾಚುವುದು ಹೆಸರಿಲ್ಲದವನ ಮುಂದೆ ಸುಳ್ಳಾಡಿದ ಹಾಗೆ. ನಾವು ದೇವರಿಗೆ ಹೆಸರಿಟ್ಟಿಲ್ಲ. ಹೆಸರಿಟ್ಟರೆ ಅಷ್ಟಕ್ಕೇ ನಿಂತುಬಿಡುತ್ತಾನೆ ಎಂದು ಭಯ. ಹುಣ್ಣಿಮೆಗೆ ಬಾಗಿಲ ಮುಂದೆ ಮನೆಮಂದಿಯೆಲ್ಲ ಅವನಿಗಾಗಿ ಕುಣಿಯುತ್ತೇವೆ, ಅಷ್ಟೇ. ನನ್ನ ಮಗಳಿಗಾಗಿಯಾದರೂ ಅವನಿಗೆ ಸುಳ್ಳು ಹೇಳಲಾರೆ ಎಂದು ತಮ್ಮನಿಗೆ ಖಂಡಿತವಾಗಿ ಹೇಳಿದೆ.

ಬೊದೇರ ಒಲೆಯ ಬೆಂಕಿ ಕೆದಕಿದ. ಆಮೇಲೆ ಕಿವಿ ಕೆಂಪಗೆ ಮಾಡಿಕೊಂಡು ಹೇಳಿದ:

“ಸುಳ್ಳಲ್ಲ ಅಕ್ಕ. ನಂಗೆ ಕಲ್ಲಿದೆ.”

“ಎಂಥ ಕಲ್ಲೋ?”

“ಒಳಗೆ. ಉಚ್ಚೆ ಹೊಯ್ಯೋ ದಾರೀಲಿ. ಎರಡು ವರ್ಷ ಆಯ್ತು. ಯಾರಿಗೂ ಹೇಳ್ಬೇಡ.”

ಯುದ್ಧದಲ್ಲಿ ಕಿವಿಯ ಅರ್ಧ ಹಾರಿಹೋದಾಗ ಬಾಯಿ ಬಿಡದವನು ಇದನ್ನು ಹೇಳಲು ಎರಡು ವರ್ಷ ನಾಚಿದ್ದ. ನನಗೆ ನಗು ಬಂತು, ಮರುಕವೂ ಬಂತು. ಹಾಗಾದರೆ ಮಲಗು ಎಂದೆ. ಆದರೆ ಒಂದು ಮಾತು, ಮಲಗಿದ ಮೇಲೆ ಕಲ್ಲಿನ ಕಟ್ಟಳೆ ಪೂರಾ ನಡೆಯಬೇಕು, ಹೇಳಿದ ಮದ್ದನ್ನೆಲ್ಲ ಕುಡಿಯಬೇಕು, ಅರ್ಧ ಬೊದೇರನಾಗಿ ಅರ್ಧ ಕಳ್ಳನಾಗಿ ಮಲಗಬೇಡ ಎಂದೆ. ಅವನು ಒಲೆ ಮುಟ್ಟಿ ಒಪ್ಪಿಕೊಂಡ.

ಹೀಗೆ ದಂಗೆ ಶುರುವಾಯಿತು.

ಮೊದಲ ದಿನ ಮೊದಲಿಗೆ ಬಂದವನು ಪೆಂತೋವಿ ಅಜ್ಜ, ಮೇಲಿನ ಹಟ್ಟಿಯ ಆಡು ಕಾಯುವವನು. ಬುರುಜಿನ ಒಬ್ಬ ಸಿಪಾಯಿ ಹತ್ತು ಹೆಜ್ಜೆ ದೂರದಲ್ಲಿ ಈಟಿಗೆ ಒರಗಿ ನಿಂತಿದ್ದ. ಅಜ್ಜ ಬಗ್ಗಿ ಕಿವಿಯ ಮೇಲೆ ಕೈಯಿಟ್ಟು ಕೇಳಿಸಿಕೊಂಡ. ಬೊದೇರ ಉಸಿರಿನಲ್ಲಿ ಮೂರೇ ಮಾತು ಹೇಳಿದ: ನಾಲ್ಕನೇ ದಿನ, ಬಾಗಿಲು ತೆರೆಯುವಾಗ, ಎಷ್ಟು ಜನ.

ಅಜ್ಜ ನೆಟ್ಟಗಾಗಿ ಕಣಿವೆಗೆಲ್ಲ ಕೇಳುವಂತೆ ಕೂಗಿದ. ಆಡಿನ ಕೊಂಬು ಸುಟ್ಟು ಬೂದಿ ಮಾಡಿ ಇಪ್ಪತ್ತೆರಡು ಚಿಟಿಕೆ ನೆಕ್ಕಬೇಕಂತೆ. “ಇಪ್ಪತ್ತೆರಡು, ನೆನಪಿರ್ಲಿ. ಮೂರು ಕುಂಟುಚಿಟಿಕೆ ಬೇರೆ ಇದಾವೆ, ಅವನ್ನ ಲೆಕ್ಕಕ್ಕೆ ಹಿಡೀಬೇಡ.” ಅವನ ಹಟ್ಟಿಯಲ್ಲಿ ಈಟಿ ಹಿಡಿಯಬಲ್ಲವರು ಇಪ್ಪತ್ತೆರಡು, ಕುಂಟರು ಮೂವರು. ಸಿಪಾಯಿಗೆ ನಮ್ಮ ಮಾತು ಅರೆಬರೆ ಬರುತ್ತಿತ್ತು. ಅವನು ಮುಖ ಸಿಂಡರಿಸಿ ಉಗುಳಿದ.

ಅಲ್ಲಿಂದ ಮುಂದೆ ದಾರಿ ತುಂಬಿಹೋಯಿತು. ಬೊದೇರನಿಗೆ ಹುಷಾರಿಲ್ಲ ಎಂದರೆ ಬಾರದವರುಂಟೆ? ಒಬ್ಬಳು ಹದಿನಾರು ಓಕ್ ಕಾಯಿ ಅರೆದು ಕುಡಿಸು ಎಂದಳು. ಇನ್ನೊಬ್ಬ ಮೂವತ್ತು ಹನಿ ಹಂದಿಯ ಪಿತ್ತ ಎಂದ. ಹೊಳೆಯಂಚಿನ ಹಟ್ಟಿಯ ವಿಧವೆ, ಮಾತಿಗೆ ಹೆಸರಾದವಳು, ಇಂಥ ರೋಗಕ್ಕೆ ಹೆಂಡತಿಯ ಹಟ್ಟಿ ಬಿಟ್ಟು ಅಕ್ಕನ ಮನೆ ಸೇರಿದ್ದೇ ಕಾರಣ, ಹತ್ತೊಂಬತ್ತು ಸಲ ಹೆಂಡತಿಯ ಕಾಲಿಗೆ ಬೀಳು ಎಂದು ಹೇಳಿ ಸಿಪಾಯಿಯನ್ನೂ ನಗಿಸಿ ಹೋದಳು. ನಾನು ಕಲ್ಲಿನ ತಲೆದೆಸೆಯಲ್ಲಿ ಕೂತು ಉಣ್ಣೆ ನೂಲುತ್ತಿದ್ದೆ. ಪ್ರತಿ ಎಣಿಕೆಗೂ ನೂಲಿಗೆ ಗಂಟು ಹಾಕುತ್ತಿದ್ದೆ. ಸಂಜೆಗೆ ಎಣಿಕೆ ನೂರು ದಾಟಿತು.

ಎಲ್ಲರೂ ಬರಿಯ ಎಣಿಕೆ ಕೊಡಲಿಲ್ಲ, ನಿಜವಾದ ಮದ್ದನ್ನೂ ಕೊಟ್ಟರು. ಬೊದೇರ ಒಲೆ ಮುಟ್ಟಿದ್ದನಲ್ಲ, ಎಲ್ಲವನ್ನೂ ನುಂಗಿದ. ಕೊಂಬಿನ ಬೂದಿಗೆ ಕಣ್ಣಲ್ಲಿ ನೀರು ಬಂತು. ಪಿತ್ತಕ್ಕೆ ಹೊಟ್ಟೆಯೇ ಹೊರಬಂತು. ನೋವು ಬಂದಾಗ ಮಾತ್ರ ನಟನೆ ಬೇಕಿರಲಿಲ್ಲ. ಕಂಬಳಿ ಕಚ್ಚಿ ಕಲ್ಲಿನ ಮೇಲೆ ಹಾವಿನ ಹಾಗೆ ಹೊರಳುತ್ತಿದ್ದ.

ಎರಡನೇ ದಿನ ಅತಿ ದೊಡ್ಡ ಹಟ್ಟಿಯ ತುರೆನ್ನ ಬಂದ. ಕೆಂಪು ಗಡ್ಡ, ಮೂಗಿನ ತುದಿಯಲ್ಲೇ ಕೋಪ. ಅವನ ಮಗಳು ಹತ್ತು ವರ್ಷದವಳು, ಬುರುಜಿನಲ್ಲಿದ್ದಳು. ಜೊತೆಗೆ ಕಾದ ಎಂಬ ಅವನ ತಮ್ಮ, ಬೆಣ್ಣೆಯ ಗಡಿಗೆ ಹೊತ್ತುಕೊಂಡು. ತುರೆನ್ನ ಬೊದೇರನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ. ನಮ್ಮಲ್ಲಿ ಹಾಗೆ ಹಿಡಿದರೆ ಈ ಯುದ್ಧದಲ್ಲಿ ನಿನ್ನ ಮಾತೇ ನನ್ನ ಮಾತು ಎಂದರ್ಥ. ಬೆಣ್ಣೆ ಕರಗಿಸಿ ಎಂಬತ್ತು ಗುಟುಕು ಕುಡಿ ಎಂದ. ಎಂಬತ್ತು. ನಾನು ನೂಲಿಗೆ ಗಂಟು ಹಾಕುವುದನ್ನೇ ಮರೆತೆ.

ಈಗ ಉಳಿದಿದ್ದು ಬಾಗಿಲು. ಆ ಬಾಗಿಲು ದಿನಕ್ಕೊಮ್ಮೆ, ಸೂರ್ಯ ಹುಟ್ಟುವಾಗ, ನೀರು ತರುವವರಿಗಾಗಿ ತೆರೆಯುತ್ತಿತ್ತು. ಎಲ್ಲರಿಗಿಂತ ಮೊದಲು ಬುರುಜಿನ ನಾಯಕ ಒಬ್ಬನೇ ಹೊರಗೆ ಬಂದು, ಗೋಡೆಯ ಮೂಲೆಗೆ ತಿರುಗಿ ಉಚ್ಚೆ ಹೊಯ್ಯಲು ನಿಲ್ಲುತ್ತಿದ್ದ. ಅವನ ಹೆಸರು ಫುಸ್ಕ. ತಲೆ ಬೋಳು, ಕಾಲು ಸೊಟ್ಟ, ಇಪ್ಪತ್ತಮೂರು ವರ್ಷದ ಸೇವೆ. ಅವನು ಗೋಡೆಗೆ ನಿಂತರೆ ಒಂದು ಆಡಿನ ಹಾಲು ಕರೆಯುವಷ್ಟು ಹೊತ್ತು ನಿಲ್ಲುತ್ತಿದ್ದ. ಅವನು ಒಳಗೆ ಹೋಗುವವರೆಗೆ ಬಾಗಿಲು ತೆರೆದೇ ಇರುತ್ತಿತ್ತು.

ಬೊದೇರ ಎರಡು ಬೆಳಗ್ಗೆ ಇದನ್ನು ನೋಡಿದ. ಕಾವಲಿನವನು ದೂರ ಹೋದಾಗ ನನಗೆ ಹೇಳಿದ, ಮೊದಲ ಈಟಿ ಆ ಬೆನ್ನಿಗೆ, ತಾನೇ ಎಸೆಯುವುದು. ಅವನು ಬಿದ್ದ ಗಾಬರಿಯಲ್ಲಿ ಇನ್ನೂರು ಜನ ಬಾಗಿಲು ಹೊಗಬೇಕು. ಹಾಗೆ ನಿಂತ ಗಂಡಸು ಓಡಲೂ ಆರ, ಕತ್ತಿ ಹಿರಿಯಲೂ ಆರ ಎಂದು ನಕ್ಕ. ನಾನು ನಗಲಿಲ್ಲ. ಆದರೆ ಅಂಬಾತೆ ಆ ಬಾಗಿಲಿನಿಂದ ಓಡಿಬರುವುದು ಮಾತ್ರ ಕಣ್ಣಿಗೆ ಕಟ್ಟಿತು. ಬೇಡ ಎನ್ನಲಿಲ್ಲ.

ಅದೇ ಮಧ್ಯಾಹ್ನ ಫುಸ್ಕ ತಾನೇ ದಿಬ್ಬ ಇಳಿದು ಬಂದ.

ಎರಡು ದಿನದಿಂದ ಇಷ್ಟು ಜನ ಯಾಕೆ ಬರುತ್ತಿದ್ದಾರೆ ಎಂದು ನೋಡಲು ಬಂದಿರಬೇಕು. ನನ್ನ ಕೈ ನೂಲಿನ ಗಂಟುಗಳ ಮೇಲೆ ಮುಚ್ಚಿಕೊಂಡಿತು. ಅವನು ಬೊದೇರನ ಎದುರು ನಿಂತು ಏನಾಗಿದೆ ಎಂದು ಗದರಿಸಿ ಕೇಳಿದ. ಬೊದೇರ ಬಾಯಿ ತೆರೆಯುವ ಮೊದಲೇ ನೋವು ಬಂತು. ಅವನ ಮೈ ಬಿಲ್ಲಾಯಿತು, ಬಲಗೈ ಸೊಂಟದ ಕೆಳಗೆ ಹೋಯಿತು.

ಫುಸ್ಕನ ಮುಖ ಬದಲಾಯಿತು. ಅವನು ಕಲ್ಲಿನ ಅಂಚಿನಲ್ಲಿ ಕೂತು, ನಮ್ಮ ಮಾತನ್ನು ಹರಕು ಮುರುಕಾಗಿ ಆಡಿದ.

“ಇಲ್ಲಿಂದ ಶುರು, ಹೀಗೆ ಇಳಿಯೋದು, ಅಲ್ವಾ? ಕೊನೆಗೆ ಬೆಂಕಿ ಹನಿ.”

ಬೊದೇರ ಹೌದೆಂದು ತಲೆಯಾಡಿಸಿದ.

“ನಂಗೂ ಇದೆ. ಒಂಬತ್ತು ವರ್ಷ. ನಿನಗೇನು ಕೊಟ್ರು ಇವ್ರು?”

ನಾನು ಒಂದೊಂದಾಗಿ ಹೇಳಿದೆ. ಕೊಂಬಿನ ಬೂದಿ, ಪಿತ್ತ, ಬೆಣ್ಣೆ. ಅವನು ಹೊಟ್ಟೆ ಹಿಡಿದು ನಕ್ಕ.

“ಇವನ್ನ ಸಾಯ್ಸೋಕೆ ನಾವು ಸೈನ್ಯ ಯಾಕೆ ತಂದ್ವೋ. ನಿಮ್ಮೋರೇ ಸಾಕಾಗಿತ್ತು.”

ಆಮೇಲೆ ಕಾಲ ಬುಡದಲ್ಲಿದ್ದ ಗರಿಕೆಯನ್ನು ಬೇರುಸಹಿತ ಕಿತ್ತು ತೋರಿಸಿದ. ಈ ಬೇರನ್ನು ಜಜ್ಜಿ, ನೀರು ಅರ್ಧಕ್ಕಿಳಿಯುವವರೆಗೆ ಕುದಿಸಿ, ಬಿಸಿಬಿಸಿಯಾಗಿ ಗಡಿಗೆಗಟ್ಟಲೆ ಕುಡಿಯಬೇಕು, ಮಲಗಿರಬಾರದು, ಎದ್ದು ನಡೆಯಬೇಕು, ಸಾಧ್ಯವಾದರೆ ಎಗರಬೇಕು ಎಂದ. ಸಂಜೆಯೊಳಗೆ ಬುರುಜಿನಿಂದ ಒಂದು ಗಡಿಗೆ ಕಷಾಯ ಬಂತು. ಮರುದಿನ ಬೆಳಗ್ಗೆ ಇನ್ನೊಂದು. ಅದನ್ನು ಹೊತ್ತು ತಂದ ಸಿಪಾಯಿ, ನಾಯಕರು ತಾವೇ ಕುದಿಸಿದ್ದು ಎಂದು ಗೊಣಗಿದ.

ಬೊದೇರ ಗಡಿಗೆಯನ್ನು ಕೈಯಲ್ಲಿ ಹಿಡಿದ. ಕುಡಿಯದಿದ್ದರೆ ಆಗುತ್ತಿತ್ತು. ಆದರೆ ಒಲೆ ಮುಟ್ಟಿ ಆಡಿದ ಮಾತು ಇತ್ತು. ನನ್ನ ಮುಖ ನೋಡಿದ. ನಾನು ಬೇರೆಡೆ ನೋಡಿದೆ. ಕುಡಿದ. ಕಲ್ಲಿನ ಸುತ್ತ ನಡೆದ. ಒಂದೆರಡು ಸಲ ಎಗರಿಯೂ ಬಿಟ್ಟ.

ಮೂರನೇ ದಿನ, ಹೊತ್ತು ಬಾಗುವ ಸಮಯ. ಮಾರನೆಯ ಬೆಳಗ್ಗೆಯೇ ಗೊತ್ತುಮಾಡಿದ ದಿನ. ಏಳು ಹಟ್ಟಿಯವರೂ ಆಡು ಹೊಡೆಯುವ, ಸೌದೆ ತರುವ ನೆವದಲ್ಲಿ ಮೂರು ಮೂರು ಜನವಾಗಿ ಬೀಚ್ ಮರಗಳ ಕಾಡಿಗೆ ಇಳಿಯತೊಡಗಿದ್ದರು. ಬೊದೇರ ಪೊದೆಯ ಹಿಂದಿನಿಂದ ಬಂದ. ಮುಖದಲ್ಲಿ ಬೆವರು, ಕಣ್ಣಲ್ಲಿ ಹೊಳಪು. ಅಂಗೈ ಬಿಚ್ಚಿದ. ಜವೆಗೋಧಿಯ ಕಾಳಿನಷ್ಟು ಕಪ್ಪು ಕಲ್ಲು.

“ಬಿತ್ತು ಅಕ್ಕ.”

ನಾನು ಅದನ್ನು ತೊಳೆದು ಹಾಸುಗಲ್ಲಿನ ಮೇಲಿಟ್ಟೆ. ಮುಂದಿನದು ನನ್ನ ಕೆಲಸ. ಗುಣವಾದ ಮೇಲೆ ಕಲ್ಲಿನ ಕಾವಲಿನವಳು ಎದ್ದು ನಿಂತು, ಯಾರ ಮದ್ದಿನಿಂದ ಗುಣವಾಯಿತು ಎಂದು ಮೂರು ದಾರಿಗೂ ಮುಖ ಮಾಡಿ ಕೂಗಿ ಹೇಳಬೇಕು. ಹೇಳಿದ ಮೇಲೆ, ಗುಣವಾದವನು ತನ್ನನ್ನು ಗುಣಪಡಿಸಿದವನನ್ನು ಬೆನ್ನ ಮೇಲೆ ಹೊತ್ತು, ನಡುವೆ ಎಲ್ಲೂ ಇಳಿಸದೆ, ಅಕ್ಕತಂಗಿಯ ಒಲೆಯ ಮುಂದೆ ತಂದಿಳಿಸಿ ಉಣ್ಣಿಸಬೇಕು. ಕೂಗಿದ ಹೊತ್ತಿನಿಂದ ಒಂದು ವರ್ಷ ಗುಣಪಡಿಸಿದವನ ಮೇಲೆ ಕಬ್ಬಿಣ ಎತ್ತುವಂತಿಲ್ಲ. ಗುಣವಾದವನ ಕೈ ಹಿಡಿದು ಮಾತು ಕೊಟ್ಟವರೂ ಎತ್ತುವಂತಿಲ್ಲ.

ಮೊದಲ ಈಟಿ ಎಸೆಯಬೇಕಾಗಿದ್ದ ಬೆನ್ನೇ ಈಗ ಎಸೆಯಬಾರದ ಬೆನ್ನಾಯಿತು.

ಆ ಹೊತ್ತಿಗೆ ತುರೆನ್ನನೂ ಕಾದನೂ ಸೌದೆಯ ಹೊರೆ ಇಳಿಸಿ ಕಲ್ಲಿನ ಬಳಿ ನಿಂತಿದ್ದರು. ಹೊರೆಯೊಳಗೆ ಈಟಿಗಳಿದ್ದವು. ತುರೆನ್ನ ಕಪ್ಪು ಕಲ್ಲನ್ನು ನೋಡಿದ, ಗಡಿಗೆಯನ್ನು ನೋಡಿದ, ಎಲ್ಲ ಅರ್ಥವಾಯಿತು. ಹತ್ತಿರ ಬಂದು, ನನ್ನ ಹೆಸರು ಹಿಡಿದು ತಗ್ಗಿದ ದನಿಯಲ್ಲಿ ಹೇಳಿದ:

“ದೊಯ್ದೇನಕ್ಕ, ನನ್ನ ಬೆಣ್ಣೆಗೆ ಬಿತ್ತು ಅನ್ನು.”

ನಾನು ಬುರುಜಿನತ್ತ ತಿರುಗಿದೆ. ಅವನು ಬಿಡಲಿಲ್ಲ.

“ಬೆಣ್ಣೇನೂ ಕುಡ್ದಿದಾನೆ ತಾನೇ ಅವನು? ಯಾವುದ್ರಿಂದ ಬಿತ್ತು ಅಂತ ಕಂಡೋರ್ಯಾರು? ನಿನ್ನ ಮಗಳು ಒಳಗಿದಾಳೆ. ನನ್ನ ಮಗಳೂ ಇದಾಳೆ. ಒಂದ್ ಮಾತು ಅಕ್ಕ. ಬರೀ ಒಂದ್ ಮಾತು.”

ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ಸಣ್ಣದನ್ನು ಕೇಳಿರಲಿಲ್ಲ, ಅಷ್ಟು ದೊಡ್ಡದನ್ನೂ ಕೇಳಿರಲಿಲ್ಲ. ಬೊದೇರ, ನೀನು ಏನು ಕೂಗಿದರೂ ಅದೇ ನಡೆಯುತ್ತದೆ ಎಂಬಂತೆ ಕಂಬಳಿ ಮಡಿಸುತ್ತ ನಿಂತ.

ಬುರುಜಿನ ಗೋಡೆಯ ಮೇಲಿನಿಂದ ಹುಡುಗಿಯರ ಹಾಡು ಸಣ್ಣಗೆ ಬರುತ್ತಿತ್ತು. ಸಂಜೆ ಹೊತ್ತಿಗೆ ಅವರು ಹಾಡುತ್ತಿದ್ದರು. ಮೂವತ್ತೊಂದು ದನಿಯಲ್ಲಿ ಅಂಬಾತೆಯದು ನನಗೆ ಬೇರೆಯಾಗಿ ಕೇಳುತ್ತಿತ್ತು. ಆ ದನಿ ಕೇಳುತ್ತ ನನ್ನ ನಾಲಗೆ ಬೆಣ್ಣೆ ಎಂಬ ಮಾತಿನ ಹತ್ತಿರ ಹೋಗಿಯೂ ಹೋಯಿತು. ಸುಳ್ಳಾಡುವುದಿಲ್ಲ ಎಂಬ ಹೆಮ್ಮೆಯೆಲ್ಲ ಆ ಕ್ಷಣ ನನ್ನಲ್ಲಿರಲಿಲ್ಲ. ಆಗ ಮೇಲಿನ ದಾರಿಯಲ್ಲಿ ಒಬ್ಬ ಮುದುಕ ಸೊಂಟದ ಕೆಳಗೆ ಕೈ ಒತ್ತಿಕೊಂಡು ನಿಂತಿದ್ದು ಕಂಡಿತು. ಯಾರೋ, ಯಾವ ಹಟ್ಟಿಯವನೋ. ಏನು ಕೂಗುತ್ತಾಳೆ ಎಂದು ಕಿವಿಗೆ ಕೈ ಹಿಡಿದು ಕಾಯುತ್ತಿದ್ದ. ಬೆಣ್ಣೆ ಎಂದರೆ ಅವನು ಮನೆಗೆ ಹೋಗಿ ಬೆಣ್ಣೆ ಕುಡಿಯುತ್ತಾನೆ. ಬೆಣ್ಣೆ ಕುಡಿಯುತ್ತಲೇ ಸಾಯುತ್ತಾನೆ.

ನಾನು ಎದ್ದು ಮೂರು ದಾರಿಗೂ ಮುಖ ಮಾಡಿ ಕೂಗಿದೆ. ಬೊದೇರನ ಕಲ್ಲು ಬಿದ್ದದ್ದು ಗರಿಕೆ ಬೇರಿನ ಕಷಾಯದಿಂದ, ಹೇಳಿದವನು ಬುರುಜಿನ ಫುಸ್ಕ, ಇದು ನಿಜ, ಇದು ನಿಜ, ಇದು ನಿಜ.

ತುರೆನ್ನ ನನ್ನತ್ತ ನೋಡಿದ ನೋಟವನ್ನು ನಾನು ಹೇಳಲಾರೆ. ಕಾದ ಅಣ್ಣನ ತೋಳು ಹಿಡಿದುಕೊಂಡ. ಇನ್ನೂರು ಜನ ಕಾಡಿಗಿಳಿದಿದ್ದಾರೆ, ಇನ್ನು ವಾಪಸು ಕಳಿಸಿದರೆ ಮತ್ತೆ ಸೇರುವುದಿಲ್ಲ, ಹಡಗು ಕಾಯುವುದಿಲ್ಲ, ಎಲ್ಲ ಈ ಹೆಂಗಸಿನ ಬಾಯಿಂದ ಹಾಳಾಯಿತು ಎಂದು ತುರೆನ್ನ ಹಲ್ಲು ಕಡಿಯುತ್ತ ಹೇಳಿದ. ನಾಳೆ ಬೆಳಗ್ಗೆ ಫುಸ್ಕನ ಮೇಲೆ ಈಟಿ ಎಸೆಯುವವರಾರು ಎಂದು ಕೇಳಿದ.

ಬೊದೇರ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. ಎರಡು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ನಿಂತಿದ್ದ.

“ಯಾರೂ ಎಸೆಯಲ್ಲ ತುರೆನ್ನ. ಹೊತ್ಕೊಂಡು ಬರ್ಬೇಕಲ್ವಾ? ನಾಳೆ ಬೆಳಗ್ಗೆ ಹೊತ್ಕೊಂಡು ಬರ್ತೀನಿ. ಈಟಿ ಹೋಗೋ ಜಾಗಕ್ಕೆ ನಾನೇ ಹೋಗ್ತೀನಿ, ಅಷ್ಟೇ ವ್ಯತ್ಯಾಸ.”

ಕಾದನಿಗೆ ಮೊದಲು ನಗು ಬಂತು. ಅವನು ನಕ್ಕದ್ದು ನೋಡಿ ನನಗೂ ಬಂತು. ಹೆದರಿಕೆಗೂ ನಗುವಿಗೂ ಗಂಟಲಿನಲ್ಲಿ ಒಂದೇ ದಾರಿ.

ಸೂರ್ಯ ಹುಟ್ಟುವಾಗ ನಾನು ಹಾಸುಗಲ್ಲಿನ ಬಳಿ ಒಬ್ಬಳೇ ನಿಂತಿದ್ದೆ. ಕಾಡಿನ ಅಂಚಿನಲ್ಲಿ ಎಲೆಯೂ ಅಲ್ಲಾಡುತ್ತಿರಲಿಲ್ಲ. ಆದರೆ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಅಷ್ಟು ಜನ ಉಸಿರು ಹಿಡಿದಿದ್ದರು. ಬೊದೇರ ಬರಿಗೈಯಲ್ಲಿ, ಬರಿಮೈಯಲ್ಲಿ, ಸೊಂಟಕ್ಕೊಂದು ತುಂಡು ಕಟ್ಟಿಕೊಂಡು ದಿಬ್ಬ ಹತ್ತಿದ. ಕಾವಲಿನವರು ಅವನನ್ನು ಕಂಡರು. ಮೂರು ದಿನ ಹೊರಳಾಡುತ್ತಿದ್ದ ರೋಗಿ ನೆಟ್ಟಗೆ ನಡೆದು ಬರುತ್ತಿದ್ದಾನೆ. ಮೇಲಿನಿಂದ ಒಬ್ಬ ಏನೋ ಗೇಲಿ ಮಾಡಿದ. ಇವನು ಕೈ ಬೀಸಿದ.

ಬಾಗಿಲು ಕಿರುಗುಟ್ಟಿತು. ಫುಸ್ಕ ಹೊರಗೆ ಬಂದು ಮೂಲೆಗೆ ತಿರುಗಿ ನಿಂತ.

ಬೊದೇರ ಅವನು ಮುಗಿಸುವವರೆಗೆ ಕಾದುನಿಂತ. ಅದನ್ನು ನಾನು ಕಣ್ಣಾರೆ ಕಂಡೆ. ಇಡೀ ಕಣಿವೆಯ ಹಣೆಬರಹ ಅಲ್ಲಿ ನಿಂತಿರುವಾಗ, ನನ್ನ ತಮ್ಮ ಇನ್ನೊಬ್ಬ ಕಲ್ಲಿನ ರೋಗಿಯನ್ನು ಅವಸರ ಮಾಡಲಿಲ್ಲ. ಫುಸ್ಕ ತಿರುಗಿದ. ಬೊದೇರ ಅವನ ಮುಂದೆ ಅಂಗೈ ಬಿಚ್ಚಿ ಕಪ್ಪು ಕಲ್ಲನ್ನು ತೋರಿಸಿದ. ಫುಸ್ಕನ ಮುಖ ಅರಳಿತು. ಬೊದೇರನ ಭುಜ ತಟ್ಟಿದ. ಆ ಕೈ ಇನ್ನೂ ಭುಜದ ಮೇಲಿರುವಾಗಲೇ ಬೊದೇರ ಬಗ್ಗಿ, ಅವನನ್ನು ಹಿಂದುಮುಂದಾಗಿ ಬೆನ್ನಿಗೇರಿಸಿಕೊಂಡು, ಓಡತೊಡಗಿದ.

ಗೋಡೆಯ ಮೇಲಿನವರು ನಕ್ಕರು. ಅವರೂ ನಮ್ಮವರು ಹೀಗೆ ಹೊತ್ತು ಓಡುವುದನ್ನು ಕಂಡವರೇ. ಎಷ್ಟೋ ಸಲ ಕಂಡು ನಕ್ಕವರೇ. ಈಗ ತಮ್ಮ ಬೋಳುತಲೆಯ ನಾಯಕನೇ ಮೂಟೆಯಂತೆ ಕುಲುಕುತ್ತ ಹೋಗುತ್ತಿದ್ದಾನೆ. ಒಳಗಿದ್ದವರನ್ನು ಕೂಗಿ ಕರೆದರು. ಆರೇಳು ಜನ, ಬೂಟು ಕಟ್ಟದೆ, ಕೈಯಲ್ಲಿ ಗಂಜಿಯ ಬಟ್ಟಲು ಹಿಡಿದು, ನೋಡಲು ಬಾಗಿಲಿಗೇ ಬಂದು ನಿಂತರು. ಫುಸ್ಕ ಬೈಯುತ್ತಿದ್ದ, ಬೊದೇರನ ಬರಿಬೆನ್ನಿಗೆ ಗುದ್ದುತ್ತಿದ್ದ, ಇಳಿಸೋ ಎನ್ನುತ್ತಿದ್ದ. ಬೊದೇರ ಇಳಿಸಲಿಲ್ಲ. ದಿಬ್ಬ ಇಳಿದ, ನನ್ನ ಪಕ್ಕದಲ್ಲೇ ಹಾದ, ಮನೆಯ ಏರು ಹತ್ತಿದ. ಹಾದುಹೋಗುವಾಗ ಅವನ ಉಸಿರು ಕಮ್ಮಾರನ ತಿದಿಯಂತೆ ಕೇಳಿತು.

ಆಗ ಕಾಡು ಎದ್ದಿತು.

ನಾನು ಎಷ್ಟೋ ಪ್ರವಾಹ ಕಂಡಿದ್ದೇನೆ. ಹಿಮ ಕರಗಿ ಸಾಲಿಯ ಹೊಳೆ ಒಮ್ಮೆಗೇ ಇಳಿಯುವುದನ್ನು ಕಂಡಿದ್ದೇನೆ. ಇದು ಹಾಗೆಯೇ ಇತ್ತು, ಆದರೆ ಮೇಲಕ್ಕೆ ಹರಿಯುತ್ತಿತ್ತು. ಕೂಗಿಲ್ಲ, ಕಹಳೆಯಿಲ್ಲ, ಕೂಗಬಾರದೆಂದು ಬೊದೇರನ ಅಪ್ಪಣೆ. ಬರೀ ಕಾಲಿನ ಸದ್ದು. ಗಂಡಸರ ಕೈಯಲ್ಲಿ ಈಟಿ, ಹೆಂಗಸರ ಕೈಯಲ್ಲಿ ಗುದ್ದಲಿ, ಪೆಂತೋವಿ ಅಜ್ಜನ ಕೈಯಲ್ಲಿ ಆಡಿನ ಕೋಲು. ಲೆಕ್ಕಕ್ಕೆ ಹಿಡಿಯದ ಮೂವರು ಕುಂಟರೂ ಬಂದಿದ್ದರು. ಬಾಗಿಲಲ್ಲಿ ನಗುತ್ತಿದ್ದವರ ಬಾಯಿ ನಕ್ಕ ಹಾಗೆಯೇ ನಿಂತಿತು. ಗಂಜಿಯ ಬಟ್ಟಲುಗಳು ಉರುಳಿದವು. ಒಬ್ಬನಿಗೆ ಮಾತ್ರ ಬುದ್ಧಿ ನೆಟ್ಟಗಿತ್ತು. ಒಳಗಿನಿಂದ ಬಾಗಿಲಿನ ಒಂದು ಪಡಿಯನ್ನು ಭುಜಕೊಟ್ಟು ನೂಕತೊಡಗಿದ.

ಎಲ್ಲರಿಗಿಂತ ಮುಂದೆ ಕಾದ ಓಡುತ್ತಿದ್ದ. ಮುಚ್ಚಿಕೊಳ್ಳುತ್ತಿದ್ದ ಸಂದಿಯೊಳಗೆ ಅವನು ತನ್ನ ಮೈಯನ್ನೇ ತೂರಿಸಿದ. ಒಳಗಿನಿಂದ ಕತ್ತಿ ಬಂತು. ಕಾದ ಹಿಂದೆ ಸರಿಯಲಿಲ್ಲ. ಬಾಗಿಲು ಅವನ ಮೇಲೆ ನಿಂತಿತು, ಮುಚ್ಚಲಿಲ್ಲ. ತುರೆನ್ನನೂ ಅವನ ಎಂಬತ್ತು ಜನವೂ ಆ ಸಂದಿಯಿಂದ ಒಳಗೆ ಬಿದ್ದರು.

ಒಳಗೆ ಏನಾಯಿತೋ ನಾನು ನೋಡಲಿಲ್ಲ. ಕೇಳಿದ್ದು ಸಾಕು. ಸಿಪಾಯಿಗಳಲ್ಲಿ ಒಂಬತ್ತು ಜನ ಸತ್ತರು. ಉಳಿದ ಹದಿನಾರು ಜನ, ಆಜ್ಞೆ ಕೊಡುವವನಿಲ್ಲದೆ, ಆಯುಧ ಕೆಳಗಿಟ್ಟರು. ನಮ್ಮವರು ಮೂವರು ಸತ್ತರು, ಕಾದನೂ ಅವರಲ್ಲೊಬ್ಬ. ಆದರೆ ಗೋಡೆಯ ಮೇಲಿನ ಒಬ್ಬ ಸಾಯುವ ಮೊದಲು ಸಂಕೇತದ ಸೌದೆಗೆ ಬೆಂಕಿಯಿಟ್ಟಿದ್ದ. ಕಪ್ಪು ಹೊಗೆ ನೆಟ್ಟಗೆ ಮೇಲೇರಿತು. ಅದರ ಕೆಳಗಿನಿಂದ ಹುಡುಗಿಯರು ಓಡಿಬಂದರು. ಎಣಿಸಿದೆ. ಮೂವತ್ತೊಂದು. ಅಂಬಾತೆ ಎಲ್ಲರಿಗಿಂತ ಕೊನೆ, ಏಕೆಂದರೆ ತುರೆನ್ನನ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡಿದ್ದಳು.

ಮನೆಗೆ ಬಂದರೆ ನನ್ನ ಒಲೆಯ ಮುಂದೆ ಫುಸ್ಕ ಕೂತಿದ್ದ. ಬೊದೇರ ಅವನ ಮುಂದೆ ಓಕ್ ಹಿಟ್ಟಿನ ರೊಟ್ಟಿ, ಬೆಣ್ಣೆ, ಜವೆಗೋಧಿಯ ಕಳ್ಳು ತಂದಿಟ್ಟು, ನೆಲಕ್ಕೆ ಬಿದ್ದು ಏದುಸಿರು ಬಿಡುತ್ತಿದ್ದ. ಫುಸ್ಕ ತಿನ್ನುತ್ತಿರಲಿಲ್ಲ. ತೆರೆದ ಬಾಗಿಲಿನಿಂದ ಹೊಗೆ ಕಾಣುತ್ತಿತ್ತು.

“ಇದು ಋಣವೋ ಮೋಸವೋ?” ಎಂದು ಕೇಳಿದ.

ಬೊದೇರ ಎದ್ದು ಕೂತು ಯೋಚಿಸಿದ. ಅವನು ಪ್ರಾಮಾಣಿಕವಾಗಿಯೇ ಯೋಚಿಸಿದ.

“ಹೊತ್ತಿದ್ದು ಋಣ. ಬಾಗಿಲು ತೆಗೆದಿಟ್ಟಿದ್ದು ನಿಮ್ ಹುಡುಗ್ರ ನಗು.”

“ನನ್ನನ್ನ ಕೋಲಲ್ಲಿ ಹೊಡೆದು ಕೊಲ್ತಾರೆ. ಬುರುಜು ಬಿಟ್ಟೋನಿಗೆ ಅದೇ ಶಿಕ್ಷೆ.”

“ಹಾಗಿದ್ರೆ ಇಲ್ಲೇ ಇರಿ.”

ಫುಸ್ಕ ಅಂಬಾತೆಯನ್ನು ನೋಡಿದ. ಒಲೆ ಅವಳದು ಎಂಬುದು ಈಗ ಅವನಿಗೂ ಗೊತ್ತಿತ್ತು. ಅಂಬಾತೆ ಹದಿನೇಳು ದಿನ ಅವನ ಸೆರೆಯಲ್ಲಿದ್ದವಳು. ಅವನ ಮುಂದೆ ಕೂತು, ರೊಟ್ಟಿ ಮುರಿದು, ಬೆಣ್ಣೆ ಸವರಿ ಕೈಗೆ ಕೊಟ್ಟಳು.

“ನಮಗೆ ಹುಳಬಿದ್ದ ಗಂಜಿ ಕೊಟ್ರಿ. ಇದ್ರಲ್ಲಿ ಹುಳ ಇಲ್ಲ. ತಿನ್ನಿ. ತಿಂದು, ಇರೋದಾದ್ರೆ ಇರಿ, ಹೋಗೋದಾದ್ರೆ ಹೋಗಿ. ನಮಗೆ ಹೊತ್ತಿಲ್ಲ.”

ಅವನು ತಿಂದ. ಕಟ್ಟಳೆ ತೀರಿತು. ತಿಂದು ಎದ್ದು, ನಮ್ಮವರು ಬರಿಗೈಯಲ್ಲಿ ಬಿಟ್ಟ ತನ್ನ ಹದಿನಾರು ಜನರನ್ನು ಕರೆದುಕೊಂಡು ಕಡಲಿನ ದಾರಿ ಹಿಡಿದ. ಬೊದೇರ ಬೇಡವೆಂದ, ಅವನು ಕೇಳಲಿಲ್ಲ. ಅವನಿಗೂ ಯಾವುದೋ ಒಲೆ ಮುಟ್ಟಿ ಆಡಿದ ಮಾತಿತ್ತೋ ಏನೋ. ಅವನಿಗೆ ಮುಂದೇನಾಯಿತೆಂದು ನಮಗೆ ತಿಳಿಯಲಿಲ್ಲ. ಹೆಸರಿಲ್ಲದವನಿಗೆ ತಿಳಿದಿರುತ್ತದೆ.

ಆ ಹೊಗೆ ಕಂಡು ರೋಮಿನವರ ಸೈನ್ಯ ಬರುವುದು ಖಂಡಿತವಿತ್ತು, ಮಧ್ಯಾಹ್ನದ ಹೊತ್ತಿಗೆ ಏಳು ಹಟ್ಟಿಗಳೂ ಖಾಲಿಯಾದವು. ಹಿಂಡು, ಮಕ್ಕಳು, ಮುದುಕರು, ಕೆಂಡದ ಗಡಿಗೆಗಳು, ಎಲ್ಲವೂ ವಿಂದಿಯ ಬೆಟ್ಟದ ಕಣಿವೆಬಾಯಿಗೆ ಏರಿದವು. ಐದು ವರ್ಷದಲ್ಲಿ ಮೊದಲ ಸಲ ಮೂವರಿಗಿಂತ ಹೆಚ್ಚು ಜನ ಒಟ್ಟಿಗೆ ನಡೆಯುತ್ತಿದ್ದೆವು. ಒಬ್ಬರ ಕಾಲು ಒಬ್ಬರು ತುಳಿಯುತ್ತ, ಅದಕ್ಕೇ ನಗುತ್ತ. ಹುಡುಗಿಯರು ಹಾಡುತ್ತಿದ್ದರು. ಗಂಡಸರು ಇಕ್ಕಟ್ಟಾದ ದಾರಿಯ ಮೇಲೆ ಬಂಡೆಗಳನ್ನು ಸಾಲಾಗಿ ಹೊಂದಿಸಿ, ಕೆಳಗೆ ಮರದ ಸನ್ನೆಕೋಲು ತೂರಿಸಿ, ಉರುಳಿಸಲು ಕಾದರು.

ತುರೆನ್ನ ಒಂದು ಬಂಡೆಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಕಂಬಳಿ ಹೊದಿಸಿಟ್ಟ ಕಾದ. ಮಡಿಲಲ್ಲಿ ಮಗಳು, ಬಾಯಿ ತೆರೆದು ನಿದ್ದೆಹೋಗಿದ್ದಳು. ನಾನು ಹೋಗಿ ಎದುರು ಕೂತೆ. ಅವನು ತಲೆ ಎತ್ತದೆ ಹೇಳಿದ:

“ನೀನು ಬೆಣ್ಣೆ ಅಂದಿದ್ರೆ, ಈಟಿ ಹೋಗಿರ್ತಿತ್ತು. ಯಾರೂ ನಗ್ತಿರ್ಲಿಲ್ಲ, ಯಾರೂ ಬಾಗಿಲು ನೂಕ್ತಿರ್ಲಿಲ್ಲ. ನನ್ನ ತಮ್ಮ ಇರ್ತಿದ್ದ.”

“ಇರ್ತಿದ್ನೇನೋ,” ಎಂದೆ. ಇನ್ನೇನು ಹೇಳಲಿ? ಇರುತ್ತಿರಲಿಲ್ಲ ಎನ್ನಲು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೇಳಿ ಸಮಾಧಾನ ಮಾಡುವ ಹಕ್ಕು ನನಗಿರಲಿಲ್ಲ.

ಮೇಲಿನಿಂದ ಬೊದೇರನ ಶಿಳ್ಳೆ ಕೇಳಿತು. ಕೆಳಗೆ, ಹೊಳೆಯ ತಿರುವಿನಲ್ಲಿ, ಧೂಳು ಎದ್ದಿತ್ತು. ಧೂಳಿನೊಳಗೆ ಲೋಹದ ಮಿಂಚು, ಸಾಲು ಸಾಲಾಗಿ, ತುದಿ ಕಾಣದಷ್ಟು ಉದ್ದ. ಬಂಡೆಗಳ ಹಿಂದೆ ಜನ ಎದ್ದರು.

ತುರೆನ್ನ ಮಗಳನ್ನು ಎಚ್ಚರವಾಗದಂತೆ ಎತ್ತಿ, ನನ್ನ ಮಡಿಲಿಗಿಟ್ಟ. ಅವಳ ಕೂದಲನ್ನು ಒಮ್ಮೆ ಸರಿಮಾಡಿದ. ಆಮೇಲೆ ಸನ್ನೆಕೋಲಿನ ತುದಿಗೆ ಹೋಗಿ, ಬೊದೇರನ ಪಕ್ಕದಲ್ಲಿ ಭುಜ ಕೊಟ್ಟು ನಿಂತ.